ಖಿನ್ನತೆಯುಳ್ಳ ವಯಸ್ಕರು ಮತ್ತು ಮನೆಯವರ ಪಾತ್ರ: ಅಧ್ಯಯನ ಟಿಪ್ಪಣಿ

ಖಿನ್ನತೆಯ ಆರೈಕೆಯಲ್ಲಿ ಕುಟುಂಬದ ಪಾತ್ರವೇನು ಎಂಬ ಪ್ರಶ್ನೆಗೆ ‘ಮನೆಯವರು ಬೆಂಬಲ ನೀಡಬೇಕು’ ಎಂದು ಬರೆದು ಮುಗಿಸುವುದು ವಾಡಿಕೆ. ಅಷ್ಟಕ್ಕೆ ಅಂಕ ಸಿಗಬಹುದು, ವಿಷಯ ಮಾತ್ರ ಅಲ್ಲಿಂದ ಶುರುವಾಗುತ್ತದೆ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ತೀವ್ರ ಮಾನಸಿಕ ಕಾಯಿಲೆ) ರೋಗಿಗಳ ಮನೆಯವರನ್ನು ಮಾತನಾಡಿಸಿ, ಅವರ ಮಾತಿನಲ್ಲಿ ಕಾಣುವ ಟೀಕೆ, ಹಗೆತನ ಮತ್ತು ಅತಿಯಾದ ಭಾವನಾತ್ಮಕ ತೊಡಗುವಿಕೆಯನ್ನು ಅಳೆಯುವ ಕ್ರಮವನ್ನು ರೂಪಿಸಿದರು. 1976ರಲ್ಲಿ ಸಂಶೋಧಕರಾದ ವಾನ್ ಮತ್ತು ಲೆಫ್ ಅದನ್ನು ಖಿನ್ನತೆಯುಳ್ಳವರಿಗೂ ಅನ್ವಯಿಸಿದಾಗ, ಇವರಲ್ಲಿ ಇನ್ನೂ ಕಡಿಮೆ ಟೀಕೆಗೇ ಕಾಯಿಲೆ ಮರುಕಳಿಸುವುದು ಕಂಡುಬಂತು. 1989ರಲ್ಲಿ ಮನಶ್ಶಾಸ್ತ್ರಜ್ಞರಾದ ಹೂಲಿ ಮತ್ತು ಟೀಸ್‌ಡೇಲ್ ರೋಗಿಯನ್ನೇ, ‘ನಿಮ್ಮ ಸಂಗಾತಿ ನಿಮ್ಮನ್ನು ಎಷ್ಟು ಟೀಕಿಸುತ್ತಾರೆ?’ ಎಂದು ಕೇಳಿ 10ರವರೆಗಿನ ಅಳತೆಯಲ್ಲಿ ಉತ್ತರ ಪಡೆದರು. ಮರುಕಳಿಕೆಯನ್ನು ಮುಂಗಾಣಲು ದೀರ್ಘ ಸಂದರ್ಶನಕ್ಕಿಂತ ಈ ಒಂದು ಪ್ರಶ್ನೆಯೇ ಹೆಚ್ಚು ನೆರವಾಯಿತು. ಇಡೀ ಪಾಠದಲ್ಲಿ ನಾನು ಅಡಿಗೆರೆ ಎಳೆದುಕೊಂಡಿರುವುದು ಇಲ್ಲಿಗೇ.

ಇದನ್ನು ಕೊಡಗಿನ ಮನೆಯೊಂದರಲ್ಲಿಟ್ಟು ನೋಡೋಣ. ಕಾಫಿ ಕೊಯ್ಲಿನ ಕಾಲದಲ್ಲಿ ಹಾಸಿಗೆ ಬಿಟ್ಟೇಳದ ಮೂವತ್ತೈದರ ಮಗನಿಗೆ ತಾಯಿ, ‘ಹಣ್ಣೆಲ್ಲ ಉದುರ್ತಾ ಇದೆ, ಕೆಲಸದವರೆಲ್ಲ ನೋಡ್ತಾ ಇದ್ದಾರೆ, ನಿನಗೇನು ಕಡಿಮೆಯಾಗಿದೆ ಮಗಾ?’ ಎನ್ನುತ್ತಾರೆ. ಅವರ ಮಟ್ಟಿಗೆ ಅದು ಕಾಳಜಿ. ಮಗ ಅದಕ್ಕೆ 10ಕ್ಕೆ 8 ಕೊಟ್ಟರೆ ಆಶ್ಚರ್ಯವಿಲ್ಲ. ‘ಕಣದ ಹತ್ತಿರ ಸ್ವಲ್ಪ ಹೊತ್ತು ನನ್ನ ಜೊತೆ ಕೂತ್ಕೋ ಬಾ’ ಎಂಬ ಕರೆಯಲ್ಲಿ ದೂರು ಇರುವುದಿಲ್ಲ, ಮಾಡಬಹುದಾದ ಚಿಕ್ಕದೊಂದು ಕೆಲಸ ಇರುತ್ತದೆ. ಮಾತ್ರೆಯ ಪರಿಣಾಮ ಕಾಣಲು ಕೆಲವು ವಾರಗಳೇ ಬೇಕೆಂಬುದು ಮನೆಯವರಿಗೆ ಮೊದಲೇ ಗೊತ್ತಿದ್ದರೆ ಈ ಅಸಹನೆ ಎಷ್ಟೋ ತಗ್ಗುತ್ತದೆ.

ಅತಿಯಾದ ತೊಡಗುವಿಕೆಯ ರೂಪ ಬೇರೆ: ಮಡಿಕೇರಿಯಲ್ಲಿ ವೈದ್ಯರೆದುರು ಅಣ್ಣನೇ ಎಲ್ಲವನ್ನೂ ಹೇಳುತ್ತಾನೆ, ರೋಗಿ ಗೋಡೆ ನೋಡುತ್ತಾ ಕುಳಿತಿರುತ್ತಾನೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 14ನೇ ಪ್ರಕರಣದಂತೆ ವಯಸ್ಕ ವ್ಯಕ್ತಿ ಚಿಕಿತ್ಸೆಯ ತೀರ್ಮಾನಗಳಲ್ಲಿ ನೆರವಾಗುವ ತನ್ನ ಪ್ರತಿನಿಧಿಯನ್ನು ತಾನೇ ನೇಮಿಸಬಹುದು, ಆ ಪ್ರತಿನಿಧಿ ಬಂಧುವೇ ಆಗಿರಬೇಕಿಲ್ಲ. 23ನೇ ಪ್ರಕರಣ ಆತನ ಮಾಹಿತಿಯ ಗೌಪ್ಯತೆಯನ್ನು ಕಾಯುತ್ತದೆ. ಒಕ್ಕದ (ಕೊಡವರ ಕೂಡು ಮನೆತನದ) ಹಿರಿಯರ ಮಾತೇ ಕೊನೆಯ ಮಾತು ಎನ್ನುವ ಮನೆಗಳಲ್ಲಿ ಇದನ್ನು ತಿಳಿಸಿ ಹೇಳುವುದು ಸುಲಭವಲ್ಲ, ಆದರೂ ಹೇಳಲೇಬೇಕು.

ಬದುಕು ಬೇಡವೆಂಬ ಮಾತು ಬಂದಾಗ ಮಾತ್ರ ಮನೆಯವರು ಕಾಯುತ್ತಾ ಕೂರಬಾರದು. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ, ಮೆತ್ತಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಹಿಡುವಳಿ) ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯ ವಿನಾಯಿತಿ ಇರುವ ಈ ಜಿಲ್ಲೆಯಲ್ಲಿ, ಕೋವಿಯನ್ನು ಕೆಲವು ತಿಂಗಳು ನಂಬಿಕಸ್ಥ ನೆಂಟರ ಮನೆಗೆ ಕಾನೂನಿನಂತೆ ಸಾಗಿಸುವುದು, ತೋಟದ ಕೀಟನಾಶಕಕ್ಕೆ ಬೀಗ ಹಾಕಿ ಕೀಲಿಯನ್ನು ಬೇರೊಬ್ಬರ ಕೈಗೆ ಕೊಡುವುದು, ಯಾವ ಹೊತ್ತಿನಲ್ಲೂ ಉಚಿತವಾಗಿ ಸಿಗುವ ಟೆಲಿ ಮಾನಸ್ ಸಹಾಯವಾಣಿಗೆ (14416) ಕರೆ ಮಾಡುವುದು, ಇವು ಕುಟುಂಬ ಅದೇ ದಿನ ಮಾಡಬೇಕಾದ ಕೆಲಸಗಳು.