ಪ್ಲೇಟ್ ಇಲ್ಲದ ಡಿವೈಡಿಂಗ್ ಹೆಡ್ ತಗೊಳ್ಳಬಹುದಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡಿವೈಡಿಂಗ್ ಹೆಡ್ (ಗೇರ್ ಹಲ್ಲು ಕತ್ತರಿಸುವಾಗ ಕೆಲಸವನ್ನು ಸಮಭಾಗಗಳಾಗಿ ತಿರುಗಿಸುವ ಸಾಧನ) ಒಂದು ಸಿಕ್ಕಿದೆ. ಮೇಲೆ ಕಂಪನಿ ಹೆಸರಿಲ್ಲ, ಇಂಡೆಕ್ಸ್ ಪ್ಲೇಟ್‌ಗಳೂ (ಹ್ಯಾಂಡಲ್‌ನ ಪಿನ್ ಕೂರಲು ತೂತಿನ ಸಾಲುಗಳಿರುವ ತಟ್ಟೆಗಳು) ಇಲ್ಲ. ಮನೆ ವರ್ಕ್‌ಶಾಪ್‌ನಲ್ಲಿ ಕೆಲಸಕ್ಕೆ ಬರುತ್ತಾ?

ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮುಗಿಯುವುದಿಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಹೆಸರು ಬಿಡಿ, ಬೇಕಾದ್ದು ರೇಶಿಯೋ, ಅಂದರೆ ಸ್ಪಿಂಡಲ್ (ಚಕ್ ಕೂತಿರುವ ದಂಡ) ಒಂದು ಸುತ್ತು ಬರಲು ಹ್ಯಾಂಡಲ್ ಎಷ್ಟು ಸುತ್ತಬೇಕು ಅನ್ನುವುದು. ಸ್ಪಿಂಡಲ್ ಲಾಕ್ ಸಡಿಲಿಸಿ, ವರ್ಮ್ (ಹ್ಯಾಂಡಲ್ ತಿರುಗಿಸುವ ಸ್ಕ್ರೂ) ಸ್ಪಿಂಡಲ್ ಮೇಲಿನ ವರ್ಮ್ ವೀಲ್‌ಗೆ ಕಚ್ಚಿಕೊಂಡಿದೆಯಾ ನೋಡಿ. ಕೆಲಸ ಹಿಡಿಯುವ ಚಕ್ ಮೇಲೊಂದು, ಬಾಡಿ ಮೇಲೊಂದು ಗೆರೆ ಹಾಕಿ ಹ್ಯಾಂಡಲ್ ಸುತ್ತು ಎಣಿಸಿ. ಗೆರೆಗಳು ಮತ್ತೆ ಕೂಡುವಾಗ 40 ಸುತ್ತು ಆಗಿದ್ದರೆ ರೇಶಿಯೋ 40:1. ಜಾಸ್ತಿ ಸಿಗುವುದು ಇದೇ. ಆದರೆ 60, 90 ಇರುವಂಥವೂ ಇವೆ, ಎಣಿಸದೆ 40 ಅಂದುಕೊಳ್ಳಬೇಡಿ. ಆಮೇಲೆ 40ನ್ನು ಗೇರ್‌ನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರಾಯಿತು, ಪ್ರತಿ ಹಲ್ಲಿಗೆ ಹ್ಯಾಂಡಲ್ ಎಷ್ಟು ಸುತ್ತಬೇಕು ಅಂತ ಸಿಗುತ್ತದೆ. 28 ಹಲ್ಲಿಗೆ ಒಂದು ಪೂರ್ತಿ ಸುತ್ತು, ಜೊತೆಗೆ 21 ತೂತಿನ ಸಾಲಿನಲ್ಲಿ 9 ತೂತು. ಪಿನ್ ಕೂತಿರುವ ತೂತು ಸೊನ್ನೆ. ಅದನ್ನೇ ಒಂದು ಅಂತ ಎಣಿಸಿ ಗೇರ್ ಕೆಡಿಸಿಕೊಳ್ಳುವವರು ಬಹಳ ಜನ.

ಈಗ ಪ್ಲೇಟ್. "ಮನೆಯಲ್ಲಿ ಮಾಡಿದ ಪ್ಲೇಟ್ ನಂಬಬೇಡಿ, ತಪ್ಪು ಹಲ್ಲಿಂದ ಹಲ್ಲಿಗೆ ಬೆಳೆಯುತ್ತಾ ಹೋಗುತ್ತೆ" ಅನ್ನುವ ಮಾತು ಇದೆಯಲ್ಲ, ಅದನ್ನು ಕೇಳಿ ಕೇಳಿ ಸಾಕಾಗಿದೆ. ಬೆಳೆಯುವುದಿಲ್ಲ! ತೂತುಗಳು ಇರುವುದು ವೃತ್ತದಲ್ಲಿ. ಒಂದು ತೂತು ಸ್ವಲ್ಪ ಆಚೆ ಬಿದ್ದಿದ್ದರೆ ಆ ತೂತಿಗೆ ಬಂದಾಗ ಮಾತ್ರ ತಪ್ಪು. ಮುಂದಿನ ತೂತು ಸರಿ ಇದ್ದರೆ ಮುಂದಿನ ಹಲ್ಲೂ ಸರಿ.

ಆ ತಪ್ಪಾದರೂ ಎಷ್ಟು? ಪ್ಲೇಟ್‌ನ ಮಧ್ಯದಿಂದ 60 ಮಿ.ಮೀ. ದೂರದ ತೂತು 0.1 ಮಿ.ಮೀ. ಪಕ್ಕಕ್ಕೆ ಸರಿದಿದೆ ಅಂದುಕೊಳ್ಳಿ. ಸುಮ್ನೆ ತೂತುಗಳ ಗುರುತಿರುವ ಪೇಪರ್ ಅಂಟಿಸಿ, ಪಂಚ್ ಹೊಡೆದು ಡ್ರಿಲ್ ಮಾಡಿದರೆ ಇಷ್ಟು ಸರಿಯುವುದು ಸಹಜ. ಹ್ಯಾಂಡಲ್‌ನ ಈ ತಪ್ಪು ಸ್ಪಿಂಡಲ್ ಮುಟ್ಟುವಾಗ 40ರಲ್ಲಿ ಒಂದು ಪಾಲು. 100 ಮಿ.ಮೀ. ವ್ಯಾಸದ ಗೇರ್‌ನ ಅಂಚಿನಲ್ಲಿ ಅದು ಸುಮಾರು 0.002 ಮಿ.ಮೀ. ನಿಮ್ಮ ಕಟರ್ ಇದಕ್ಕಿಂತ ಜಾಸ್ತಿ ಓಲಾಡುತ್ತದೆ, ಅಲ್ವಾ? ಇಷ್ಟೂ ಸಮಾಧಾನ ಇಲ್ಲದವರು ಆ ಪ್ಲೇಟನ್ನೇ ಹಾಕಿ, ಚಕ್‌ನಲ್ಲಿ ಹೊಸ ತಗಡು ಕಟ್ಟಿ ಎರಡನೇ ಪ್ಲೇಟ್ ಕೊರೆದುಕೊಳ್ಳಿ. ಮೊದಲನೆಯದರ ಓರೆಕೋರೆ ಎರಡನೆಯದರಲ್ಲಿ ಕಣ್ಣಿಗೇ ಬೀಳದು.

ವರ್ಮ್ ವೀಲ್ ಸವೆದಿದ್ದರೆ ಮಾತ್ರ ಆ ತಪ್ಪು ಯಾವುದರಿಂದಲೂ ಭಾಗವಾಗುವುದಿಲ್ಲ, ನೇರ ಕೆಲಸದ ಮೇಲೆ ಬೀಳುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಇದು. ಸ್ಪಿಂಡಲನ್ನು ಒಂದು ಸುತ್ತಿನಲ್ಲಿ ಏಳೆಂಟು ಕಡೆ ನಿಲ್ಲಿಸಿ ಅಲುಗಾಡಿಸಿ. ಎಲ್ಲ ಕಡೆ ಒಂದೇ ಆಟ (ಸಡಿಲ) ಇದ್ದರೆ ಚಿಂತೆ ಇಲ್ಲ, ಅಡ್ಜಸ್ಟ್ ಮಾಡಬಹುದು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೆ ವರ್ಮ್ ವೀಲ್ ಸವೆದಿದೆ, ಬಿಟ್ಟುಬಿಡಿ. ಉಳಿದ ಆಟಕ್ಕೆ ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ. ತೂತು ದಾಟಿ ಹೋದರೆ ಅರ್ಧ ಸುತ್ತು ಹಿಂದೆ ಬಂದು ಮತ್ತೆ ಮುಂದೆ ಬನ್ನಿ.

ಪ್ಲೇಟ್ ಮಾಡುವುದು ಗೊತ್ತಾದ ಮೇಲೆ 127 ಹಲ್ಲಿನ ಗೇರ್ ಯಾಕೆ ಬಿಡಬೇಕು? 127 ಮಿ.ಮೀ. ಅಂದರೆ ಸರಿಯಾಗಿ 5 ಇಂಚು. ಹಾಗಾಗಿ ಇಂಚಿನ ಲೀಡ್‌ಸ್ಕ್ರೂ (ಥ್ರೆಡ್ ಕತ್ತರಿಸುವಾಗ ಟೂಲನ್ನು ನಡೆಸುವ ಸ್ಕ್ರೂ) ಇರುವ ಲೇತ್‌ನಲ್ಲಿ ಮೆಟ್ರಿಕ್ ಥ್ರೆಡ್ ಕರಾರುವಾಕ್ಕಾಗಿ ಕತ್ತರಿಸಲು ಈ ಗೇರ್ ಬೇಕು. 127 ಅವಿಭಾಜ್ಯ ಸಂಖ್ಯೆ, ಸಾಮಾನ್ಯ ಪ್ಲೇಟ್‌ಗಳಲ್ಲಿ ಆ ಸಾಲು ಇರುವುದಿಲ್ಲ. ನೀವೇ 127 ತೂತು ಕೊರೆದರೆ ಪ್ರತಿ ಹಲ್ಲಿಗೆ 40 ತೂತು, ಅಷ್ಟೇ ಲೆಕ್ಕ. ತೂತಿಂದ ತೂತಿಗೆ ಬರೀ 3 ಮಿ.ಮೀ. ಕೊಟ್ಟರೂ ವೃತ್ತದ ವ್ಯಾಸ 121 ಮಿ.ಮೀ. ದಾಟುತ್ತದೆ. ನಿಮ್ಮ ಹ್ಯಾಂಡಲ್‌ನ ಪಿನ್ ಅಲ್ಲಿವರೆಗೆ ಹೋಗುತ್ತದೆಯಾ ಅಂತ ತಗಡು ಕತ್ತರಿಸುವ ಮೊದಲೇ ಅಳೆದುಕೊಳ್ಳಿ.