ನದಿಮೂಲ, ಋಷಿಮೂಲ ಮತ್ತು ಕ್ರೀಮಿನ ಮೂಲ

ಮುಖಕ್ಕೆ ಹಚ್ಚುವ ಹಲವು ಕ್ರೀಮುಗಳಲ್ಲಿ ಸ್ಕ್ವಾಲೇನ್ ಎಂಬ ತೆಳು ಎಣ್ಣೆ ಇರುತ್ತದೆ. ಇದರ ಹತ್ತಿರದ ನೆಂಟ ಸ್ಕ್ವಾಲೀನ್ ನಮ್ಮ ಚರ್ಮದ ಜಿಡ್ಡಿನಲ್ಲೇ ಇದೆ. ಅದು ಗಾಳಿಗೆ ಬೇಗ ಕೆಡುತ್ತದೆ. ಹೈಡ್ರೋಜನ್ ಸೇರಿಸಿ ಸ್ಕ್ವಾಲೇನ್ ಮಾಡಿದರೆ ಬಹುಕಾಲ ಬಾಳುತ್ತದೆ.

ಮೊದಲು ಇದು ಬರುತ್ತಿದ್ದುದು ಆಳ ಸಮುದ್ರದ ಶಾರ್ಕ್‌ಗಳ ಯಕೃತ್ತಿನಿಂದ. ಗಾಳಿಚೀಲವಿಲ್ಲದ ಈ ಮೀನುಗಳನ್ನು ನೀರಿನಲ್ಲಿ ಮುಳುಗದಂತೆ ಹಿಡಿದಿಡುವುದೇ ಆ ಎಣ್ಣೆ. ಈಗ ಆಲಿವ್ ಎಣ್ಣೆಯ ಸಂಸ್ಕರಣೆಯಲ್ಲಿ ಉಳಿಯುವ ಪದಾರ್ಥದಿಂದಲೂ ತೆಗೆಯುತ್ತಾರೆ; ಕಬ್ಬಿನ ಸಕ್ಕರೆಯನ್ನು ಯೀಸ್ಟ್‌ಗೆ ಉಣಿಸಿಯೂ ಪಡೆಯುತ್ತಾರೆ. ಮೂರರಲ್ಲೂ ಅಣು ಒಂದೇ: 30 ಕಾರ್ಬನ್, 62 ಹೈಡ್ರೋಜನ್. ಕಾರ್ಬನ್ನಿನ ತುಸು ಭಾರದ ರೂಪವಾದ ಕಾರ್ಬನ್-13ರ ಪ್ರಮಾಣ ಅಳೆದು ಪ್ರಯೋಗಾಲಯ ಮೂಲವನ್ನು ಪತ್ತೆ ಹಚ್ಚಬಲ್ಲದು, ಚರ್ಮಕ್ಕೆ ಆ ಶಕ್ತಿಯಿಲ್ಲ. ಹಾಗೆಂದು ಮೂಲ ಕೇಳುವುದು ವ್ಯರ್ಥವಲ್ಲ. ಈ ಶಾರ್ಕ್‌ಗಳು ನಿಧಾನವಾಗಿ ಬೆಳೆದು, ತಡವಾಗಿ ಕೆಲವೇ ಮರಿ ಹಾಕುತ್ತವೆ. ಹಿಡಿದಷ್ಟು ಬೇಗ ಸಂತತಿ ತುಂಬಿಕೊಳ್ಳುವುದಿಲ್ಲ. ನದಿಮೂಲ, ಋಷಿಮೂಲ ಕೇಳಬಾರದೆನ್ನುತ್ತಾರೆ. ಕ್ರೀಮಿನ ಮೂಲವನ್ನು ಧಾರಾಳವಾಗಿ ಕೇಳಿ.

ಮೂಲ ನೇರವಾಗಿ ಆರೋಗ್ಯಕ್ಕೆ ತಟ್ಟುವುದು ಅಣುವಿನ ಜೊತೆಗೆ ಬೇರೇನು ಬಂತು ಎಂಬಲ್ಲಿ. ಪೌಡರಿಗೆ ಬಳಸುವ ಟಾಲ್ಕ್ ಎಂಬ ಖನಿಜ ಮತ್ತು ಕ್ಯಾನ್ಸರ್ ತರಬಲ್ಲ ಕಲ್ನಾರು (ಆಸ್ಬೆಸ್ಟಾಸ್) ನೆಲದೊಳಗೆ ಒಟ್ಟೊಟ್ಟಿಗೇ ಸಿಗಬಹುದು. ಆದ್ದರಿಂದ ಯಾವ ಗಣಿ, ಯಾವ ಪರೀಕ್ಷೆ ಎಂಬುದು ಪೌಡರಿನ ಪರಿಮಳಕ್ಕಿಂತ ದೊಡ್ಡ ಪ್ರಶ್ನೆ. ಪೆಟ್ರೋಲಿಯಂ ಜೆಲ್ಲಿಯ ಕತೆಯೂ ಹೀಗೆಯೇ. ಅರೆಬರೆ ಶುದ್ಧೀಕರಿಸಿದರೆ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಉಳಿದುಬಿಡಬಹುದು. ಚೆನ್ನಾಗಿ ಶುದ್ಧೀಕರಿಸಿದ ಜೆಲ್ಲಿಯಾದರೋ ಚರ್ಮದ ನೀರು ಆರಿಹೋಗದಂತೆ ತಡೆಯುವುದರಲ್ಲಿ ಎತ್ತಿದ ಕೈ. ಹೆಸರಿನಲ್ಲಿ ಪೆಟ್ರೋಲಿಯಂ ಇದೆಯೆಂದು ಅದನ್ನು ದೂರುವವರು ಲ್ಯಾವೆಂಡರ್ ಎಣ್ಣೆಯನ್ನು ಕಣ್ಣುಮುಚ್ಚಿ ಹಚ್ಚಿಕೊಳ್ಳುವುದು ನನಗೆ ವಿಚಿತ್ರವೆನಿಸುತ್ತದೆ. ಅದರಲ್ಲಿರುವ ಲಿನಲೂಲ್ ಎಂಬ ಪರಿಮಳದ ಅಂಶ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಕೆಲವರಿಗೆ ಅಲರ್ಜಿ ತರುವ ಸಂಯುಕ್ತಗಳಾಗುತ್ತದೆ.

ಇನ್ನು ಡಬ್ಬಿಯ ಹಿಂಬದಿ. ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯುವುದು ನಿಯಮ, ಆದರೆ ಶೇ 1ಕ್ಕಿಂತ ಕಡಿಮೆ ಇರುವವುಗಳಿಗೆ ಕ್ರಮದ ಕಟ್ಟಿಲ್ಲ. ಆ ಗಡಿ ಎಲ್ಲಿದೆಯೆಂದು ಊಹಿಸಲು ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಹುಡುಕಬಹುದು. ಐರೋಪ್ಯ ಒಕ್ಕೂಟದಲ್ಲಿ ಅದಕ್ಕೆ ಶೇ 1ರ ಮಿತಿ ಇರುವುದರಿಂದ, ಅಲ್ಲಿನ ನಿಯಮದಂತೆ ತಯಾರಾದ ಕ್ರೀಮಿನಲ್ಲಿ ಅದರ ನಂತರ ಬರುವ ಯಾವುದೂ ಶೇ 1ನ್ನು ಮೀರುವುದಿಲ್ಲ. ಮುಂಬದಿಯಲ್ಲಿ ಚಿತ್ರವಾಗಿ ಅರಳಿದ ಹೂವಿನ ಸಾರ ಎಷ್ಟೋ ಸಲ ಅಲ್ಲಿಯೇ ಮುದುಡಿ ಕುಳಿತಿರುತ್ತದೆ. ಕಡಿಮೆಯಿದ್ದರೆ ನಿಷ್ಪ್ರಯೋಜಕ ಎಂದೂ ಅಲ್ಲ. ಸುಕ್ಕು ತಗ್ಗಿಸಲೆಂದು ಹಚ್ಚುವ ರೆಟಿನಾಲ್‌ಗೆ (ವಿಟಮಿನ್ ಎಯ ಒಂದು ರೂಪ) ಅದೇ ಒಕ್ಕೂಟ ಮುಖದ ಕ್ರೀಮುಗಳಲ್ಲಿ ಶೇ 0.3ರ ಮಿತಿ ಹಾಕಿದೆ.

ಪಟ್ಟಿ ಹೇಳದ ಸಂಗತಿ ಪ್ಯಾಕಿಂಗ್. ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಎಷ್ಟೇ ಶುದ್ಧವಾಗಿ ಬಂದಿರಲಿ, ನೀರಿನ ದ್ರಾವಣದಲ್ಲಿ ಗಾಳಿ ಬೆಳಕು ತಾಗಿದರೆ ಹಳದಿಯಾಗಿ, ಕೊನೆಗೆ ಕಂದಾಗುತ್ತದೆ. ಅಂಥದ್ದನ್ನು ಅಗಲ ಬಾಯಿಯ ಗಾಜಿನ ಡಬ್ಬಿಯಲ್ಲಿ ಮಾರುತ್ತಿದ್ದರೆ ಅದರ ಮೂಲವನ್ನು ವಿಚಾರಿಸುವ ಅಗತ್ಯವೇ ಬೀಳದು.