ಓದುಗರ ಪ್ರಶ್ನೆ: 130 ವರ್ಷದ ಇಟ್ಟಿಗೆ ಮನೆ ಕೊಳ್ಳಬಹುದೇ?

ಪ್ರಶ್ನೆ: ಒಹಾಯೊದ ಕೊಲಂಬಸ್‌ಗೆ ಬಂದು ಎಂಟು ವರ್ಷವಾಯಿತು. ಇಷ್ಟು ದಿನ ಊರಾಚೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಈಗ ಡೌನ್‌ಟೌನ್ ಮಗ್ಗುಲಿಗೇ ಇರುವ ಜರ್ಮನ್ ವಿಲೇಜ್‌ನಲ್ಲಿ 1890ರ ಸುಮಾರಿನ ಒಂದು ಪುಟ್ಟ ಇಟ್ಟಿಗೆ ಮನೆ ಮನಸ್ಸಿಗೆ ಹಿಡಿದಿದೆ. ನಮ್ಮಿಬ್ಬರ ಆಫೀಸಿಗೂ ನಡೆದೇ ಹೋಗಬಹುದು. ಗೋಡೆಗೆಲ್ಲ ಈಚೆಗೆ ಹೊಸದಾಗಿ ಪಾಯಿಂಟಿಂಗ್ (ಇಟ್ಟಿಗೆಗಳ ನಡುವಿನ ಸಂದು ತುಂಬುವ ಕೆಲಸ) ಮಾಡಿಸಿದ್ದಾರೆ, ಇನ್ನು ಐವತ್ತು ವರ್ಷ ಯೋಚನೆಯಿಲ್ಲ ಎನ್ನುತ್ತಾರೆ ಏಜೆಂಟರು. ಊರಿನಿಂದ ನಮ್ಮತ್ತೆ ಫೋನಿನಲ್ಲಿ "ದುಡ್ಡು ಕೊಟ್ಟು ಯಾರಾದರೂ ಹಳೇ ಗೋಡೆ ಕೊಳ್ತಾರೇನಮ್ಮಾ?" ಅಂತಾರೆ. ಏನು ಮಾಡೋಣ?

ಉತ್ತರ: ಕೊಳ್ಳಬಹುದು. ಮನೆಯ ವಯಸ್ಸು ಕೇಳಿ ನನಗೇನೂ ಅನ್ನಿಸಲಿಲ್ಲ. ನಿಮ್ಮ ಪತ್ರದಲ್ಲಿ ನನಗೆ ದಿಗಿಲಾದದ್ದು ಏಜೆಂಟರು ಭರವಸೆಯ ಮಾತು ಅಂತ ಹೇಳಿದ ಆ ಹೊಸ ಪಾಯಿಂಟಿಂಗ್ ಬಗ್ಗೆ.

ಯಾಕೆ ಅಂತ ಹೇಳುವ ಮೊದಲು ಒಂದು ಶಬ್ದದ ವಿಚಾರ. ನಮ್ಮಲ್ಲಿ ಮನೆ ಕಟ್ಟುವವರನ್ನು ಈಗಲೂ ಗಾರೆ ಕೆಲಸದವರು ಅಂತಲೇ ಕರೆಯುತ್ತೇವೆ. ಅವರ ಬಾಂಡಲಿಯಲ್ಲಿ ಗಾರೆ ಇಲ್ಲದೆ ಎರಡು ಮೂರು ತಲೆಮಾರಾಯಿತು, ಇರುವುದು ಸಿಮೆಂಟು. ಗಾರೆ ಎಂದರೆ ಸುಣ್ಣ ಮತ್ತು ಮರಳು ಸೇರಿಸಿ ಅರೆದದ್ದು. ನಿಮ್ಮತ್ತೆಯವರ ವಯಸ್ಸಿನವರು ಬೇಸಿಗೆಯಲ್ಲಿ ಗಾರೆ ನೆಲದ ಮೇಲೆ ಬರಿ ಮೈಯಲ್ಲಿ ಮಲಗಿದವರು, ಅವರಿಗೆ ಅದರ ತಂಪು ಗೊತ್ತಿರುತ್ತದೆ. ಸುಣ್ಣದ ಜತೆ ಇಟ್ಟಿಗೆ ಪುಡಿ ಬೆರೆಸಿದರೆ ಸುರ್ಕಿ ಗಾರೆ, ಅದು ನೀರಿನಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಆ ಸುರ್ಕಿಯಿಂದಲೇ. ಹೀಗಾಗಿ ಸುಣ್ಣದ್ದು ಅಂದ ಕೂಡಲೇ ಬಲವಿಲ್ಲದ್ದು ಅಂದುಕೊಳ್ಳಬೇಡಿ.

ನೀವು ನೋಡಿರುವ ಮನೆಯ ಇಟ್ಟಿಗೆಗಳನ್ನು ಹಿಡಿದುಕೊಂಡಿರುವುದೂ ಬಹುಮಟ್ಟಿಗೆ ಇದೇ ಸುಣ್ಣ ಮರಳಿನ ಗಾರೆ. ಅಮೆರಿಕದಲ್ಲಿ ಪೋರ್ಟ್‌ಲೆಂಡ್ ಸಿಮೆಂಟ್ (ಈಗ ನಾವೆಲ್ಲ ಬರಿ ಸಿಮೆಂಟು ಎನ್ನುವುದು ಇದನ್ನೇ) ತಯಾರಿಕೆ ಮೊದಲಾದದ್ದೇ 1871ರ ಹೊತ್ತಿಗೆ, ಪೆನ್ಸಿಲ್ವೇನಿಯಾದಲ್ಲಿ. ಸಾಮಾನ್ಯರ ಮನೆ ಗೋಡೆಗೆ ಅದು ಇಳಿದು ಬರಲು ಇನ್ನೂ ಹಲವು ವರ್ಷ ಹಿಡಿಯಿತು. ಆ ಕಾಲದ ಇಟ್ಟಿಗೆಯೂ ಈಗಿನದ್ದರಷ್ಟು ಗಟ್ಟಿಯಲ್ಲ. ಗೂಡಿನಲ್ಲಿ ಬೆಂಕಿಗೆ ಹತ್ತಿರವಿದ್ದದ್ದು ಚೆನ್ನಾಗಿ ಬೆಂದು ಕೆಂಪಾಗುತ್ತಿತ್ತು, ದೂರವಿದ್ದದ್ದು ಅರೆಬೆಂದು ತೆಳು ಕಿತ್ತಳೆ ಬಣ್ಣದಲ್ಲೇ ಉಳಿಯುತ್ತಿತ್ತು. ಬೆಂದದ್ದನ್ನು ಗೋಡೆಯ ಹೊರಮೈಗೆ, ಬೇಯದ್ದನ್ನು ಒಳಮೈಗೆ ಇಡುತ್ತಿದ್ದರು. ಬೆಂದ ಇಟ್ಟಿಗೆಗೂ ಮುಖದ ಮೇಲಿನ ತೆಳು ಪದರವೇ ಕವಚ, ಒಳಗಡೆ ಮೆದು.

ಗೋಡೆಗೆ ನೀರು ಸೇರುವುದನ್ನು ಯಾರೂ ಪೂರ್ತಿ ತಪ್ಪಿಸಲಾರರು. ಮಳೆ ಬಡಿಯುತ್ತದೆ, ನೆಲದಿಂದ ತೇವ ಏರುತ್ತದೆ, ಒಳಗೆ ಅನ್ನ ಬೆಂದ ಹಬೆಯೂ ಸೇರುತ್ತದೆ. ಹೋದ ನೀರು ಹೊರಗೆ ಬರಲೇಬೇಕು. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು, ಸಣ್ಣ ಸಣ್ಣ ರಂಧ್ರಗಳೂ ಇರುವುದರಿಂದ ನೀರಿನ ಅಂಶ ಸಂದುಗಳಿಂದಲೇ ಹೊರಗೆ ಆರಿಹೋಗುತ್ತದೆ. ಸವೆಯುವುದಾದರೂ ಗಾರೆ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಸವೆದ ಗಾರೆ ಕೆರೆದು ಹೊಸದು ತುಂಬಿದರಾಯಿತು. ಅದೇ ಸಂದಿಗೆ ಗಟ್ಟಿ ಸಿಮೆಂಟು ಮೆತ್ತಿದಿರೋ, ನೀರಿನ ದಾರಿ ಮುಚ್ಚಿತು. ಅದು ಇಟ್ಟಿಗೆಯೊಳಗೇ ಕೂರುತ್ತದೆ. ಕೊಲಂಬಸ್‌ನ ಚಳಿಗಾಲ ನಿಮಗೆ ಹೊಸದಲ್ಲ: ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಆಟ ಮತ್ತೆ ಮತ್ತೆ ನಡೆಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಹಿಗ್ಗಿದಾಗ ಸಿಮೆಂಟು ಜಗ್ಗುವುದಿಲ್ಲ, ಇಟ್ಟಿಗೆಯ ಮುಖವೇ ಚಕ್ಕೆಯೆದ್ದು ಬೀಳುತ್ತದೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ, ಕೈ ಸುಟ್ಟುಕೊಂಡು ಹೇಳುತ್ತಿದ್ದೇನೆ. ನಮ್ಮದೂ ಇಂಥದೇ ಹಳೆ ಬಡಾವಣೆಯ ಮನೆ. ಕೊಂಡ ವರ್ಷವೇ ಪಶ್ಚಿಮದ ಗೋಡೆಯ ಸಂದುಗಳು ಬೆರಳು ತೂರುವಷ್ಟು ಸವೆದಿದ್ದವು. ಕಡಿಮೆ ರೇಟು ಹೇಳಿದ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಎರಡು ದಿನದಲ್ಲಿ ಗೋಡೆ ಗೆರೆ ಎಳೆದ ಕಾಪಿ ಪುಸ್ತಕದ ಹಾಗೆ ನೀಟಾಯಿತು, ಊರಿಗೆ ಫೋಟೋ ಕಳಿಸಿ ಜಂಬ ಕೊಚ್ಚಿಕೊಂಡೆ. ಮೂರನೆಯ ವಸಂತದಲ್ಲಿ ಹೂವಿನ ಪಾತಿ ಅಗೆಯಲು ಹೋದರೆ ಮಣ್ಣಿನ ಮೇಲೆಲ್ಲ ಬಿಸ್ಕತ್ತಿನ ಚೂರಿನ ಹಾಗೆ ಕೆಂಪು ಚಕ್ಕೆಗಳು. ತಲೆಯೆತ್ತಿ ನೋಡಿದೆ. ಸಿಮೆಂಟಿನ ಗೆರೆಗಳು ಜೇನುಗೂಡಿನ ಅಂಚಿನ ಹಾಗೆ ಮುಂದೆ ನಿಂತಿದ್ದವು, ನಡುವಿನ ಇಟ್ಟಿಗೆಗಳು ಒಳಗೆ ಕುಳಿಬಿದ್ದಿದ್ದವು. ಸಿವಿಲ್ ಎಂಜಿನಿಯರಿಂಗ್ ಓದಿದವನು ನಾನು. ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ಕಾಲೇಜಿನ ಪಾಠ ಅಷ್ಟು ಆಳವಾಗಿ ತಲೆಯಲ್ಲಿ ಕೂತಿತ್ತು.

ಆದ್ದರಿಂದ ನೀವು ಆ ಮನೆಗೆ ಇನ್ನೊಮ್ಮೆ ಹೋದಾಗ ಮಾಡಬೇಕಾದ್ದು ಇಷ್ಟು. ಅಡಿಗೆಮನೆ, ಮರದ ನೆಲ ಎಲ್ಲ ಆಮೇಲೆ ನೋಡಿ. ಮೊದಲು ಹೊರಗೆ ನಿಂತು ಸಂದುಗಳ ಬಣ್ಣ ನೋಡಿ. ಹಳೆಯ ಸುಣ್ಣದ ಗಾರೆ ಹಾಲುಬಿಳುಪು, ಇಲ್ಲವೇ ತಿಳಿ ಮರಳು ಬಣ್ಣದ್ದು, ಒಳಗೆ ಸಣ್ಣ ಸುಣ್ಣದ ಕಾಳುಗಳು ಕಾಣಬಹುದು. ಒಂದೇ ಸಮ ಬೂದು ಬಣ್ಣವಿದ್ದರೆ ಅನುಮಾನಪಡಿ. ಬಿಳಿ ಸಿಮೆಂಟೂ ಉಂಟು, ಬಣ್ಣವೊಂದನ್ನೇ ನಂಬುವಂತಿಲ್ಲ. ಮನೆಯವರ ಒಪ್ಪಿಗೆ ಕೇಳಿ ಕಾರಿನ ಕೀಲಿಯ ತುದಿಯಿಂದ ಮೂಲೆಯಲ್ಲೊಂದು ಕಡೆ ಗೀಚಿ. ಸುಣ್ಣದ ಗಾರೆಯಾದರೆ ಪುಡಿ ಉದುರುತ್ತದೆ. ಸಿಮೆಂಟಾದರೆ ಕೀಲಿಯೇ ಜಾರುತ್ತದೆ. ಬುಡದ ನಾಲ್ಕೈದು ವರಸೆ, ಸೂರಿನ ದೋಣಿಯ ಕೆಳಗೆ, ಕಿಟಕಿಯ ಕೆಳಗೆ ಇಟ್ಟಿಗೆಯ ಮುಖ ಚಕ್ಕೆಯೆದ್ದಿದೆಯೇ, ಬಿಳಿ ಉಪ್ಪು ಎದ್ದಿದೆಯೇ ನೋಡಿ. ಗೋಡೆಗೆ ಬಣ್ಣ ಬಳಿದಿದ್ದರೆ ಇನ್ನೊಂದು ಸುತ್ತು ಹೆಚ್ಚು ನೋಡಿ, ಬಣ್ಣದ ಕೆಳಗೆ ಏನನ್ನು ಮುಚ್ಚಿದ್ದಾರೋ ಹೇಳಲಾಗದು. ಗೋಡೆಯ ಮೇಲೆ ನಕ್ಷತ್ರದ ಆಕಾರದ ಕಬ್ಬಿಣದ ಬಿಲ್ಲೆ ಕಂಡರೆ ಅದು ಅಲಂಕಾರವೆಂದು ಮುಂದೆ ಹೋಗಬೇಡಿ. ಹೊಟ್ಟೆ ಬಿಡುತ್ತಿದ್ದ ಗೋಡೆಯನ್ನು ಒಳಗಿನ ತೊಲೆಗಳಿಗೆ ಕಬ್ಬಿಣದ ಸರಳಿನಿಂದ ಎಳೆದು ಕಟ್ಟಿದ ಗುರುತು ಇರಬಹುದು ಅದು. ಇದ್ದರೆ ತಪ್ಪೇನಿಲ್ಲ, ಗೋಡೆ ಈಗ ನೇರವಾಗಿದೆಯೇ ಎಂದು ತಿಳಿದವರಿಂದ ನೋಡಿಸಿ.

ಇನ್ನೊಂದು ಗುರುತು: ಆರೇಳು ವರಸೆಗೊಮ್ಮೆ ಇಟ್ಟಿಗೆಯ ಉದ್ದದ ಬದಲು ಅದರ ತುದಿ ಕಾಣುವ ಒಂದು ವರಸೆ ಇದೆಯೇ ನೋಡಿ. ಇದ್ದರೆ ಸಾಮಾನ್ಯವಾಗಿ ಪೂರ್ತಿ ಇಟ್ಟಿಗೆಯದೇ ದಪ್ಪ ಗೋಡೆ, ಮನೆಯ ಭಾರ ಹೊತ್ತದ್ದು ಅದೇ. ಊರಾಚೆಯ ಹೊಸ ಬಡಾವಣೆಗಳ ಇಟ್ಟಿಗೆ ಮನೆಗಳಲ್ಲಿ ಹೆಚ್ಚಿನವು ಮರದ ಚೌಕಟ್ಟಿಗೆ ಒಂದು ಪದರ ಇಟ್ಟಿಗೆಯ ಅಂಗಿ ತೊಡಿಸಿದವು. ಅವುಗಳಿಗೆ ಹೇಳುವ ಬುದ್ಧಿಮಾತು ನಿಮ್ಮ ಮನೆಗೆ ಒಗ್ಗುವುದಿಲ್ಲ. ಚಳಿಗೆ ಹೊರಗೋಡೆಯ ಒಳಮೈಗೆ ಫೋಮ್ ಹೊಡೆಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೆ ಮಾಡಿದರೆ ಮನೆಯ ಕಾವು ಗೋಡೆಗೆ ತಲುಪುವುದಿಲ್ಲ, ಇಟ್ಟಿಗೆ ಇನ್ನಷ್ಟು ತಣ್ಣಗೆ ಒದ್ದೆಯಾಗಿ ಉಳಿಯುತ್ತದೆ. ಮೊದಲು ಅಟ್ಟಕ್ಕೆ ಹೊದಿಕೆ ಹಾಕಿಸಿ, ಹಳೆಯ ಮರದ ಕಿಟಕಿಗಳಿಗೆ ಹೊರಗಿನಿಂದ ಇನ್ನೊಂದು ಗಾಜಿನ ಕಿಟಕಿ ಜೋಡಿಸಿ. ಚಳಿ ಅರ್ಧ ಅಲ್ಲೇ ನಿಲ್ಲುತ್ತದೆ.

ಪಾಯಿಂಟಿಂಗ್ ಆಗಲೇ ಸಿಮೆಂಟಿನಲ್ಲಿ ಆಗಿಹೋಗಿದ್ದರೆ? ಮನೆ ಬಿಟ್ಟು ಓಡಬೇಕಿಲ್ಲ. ಇಟ್ಟಿಗೆ ಇನ್ನೂ ಚಕ್ಕೆಯೆದ್ದಿಲ್ಲವಾದರೆ ಕಾದು ನೋಡಬಹುದು. ಸಿಮೆಂಟನ್ನು ಅವಸರದಲ್ಲಿ ಯಂತ್ರ ಹಿಡಿದು ಕತ್ತರಿಸಿದರೆ ಇಟ್ಟಿಗೆಯ ಅಂಚೂ ಹೋಗುತ್ತದೆ. ಇಟ್ಟಿಗೆ ಚಕ್ಕೆಯೆದ್ದಿದ್ದರೆ ಆ ಗೋಡೆಯ ದುರಸ್ತಿಯ ಖರ್ಚನ್ನು ಬೆಲೆಯಲ್ಲೇ ಕಳೆಯಬೇಕು. ಇಲ್ಲಿ ಗಾರೆಯ ಚೀಲಗಳಿಗೆ ಗಟ್ಟಿಯಿಂದ ಮೆದುವಿಗೆ ಎಂ, ಎಸ್, ಎನ್, ಒ, ಕೆ ಎಂದು ದರ್ಜೆಗಳಿವೆ. ಮೇಸನ್ ವರ್ಕ್ (MaSoN wOrK) ಎಂಬ ಇಂಗ್ಲಿಷ್ ಮಾತಿನಿಂದ ಒಂದು ಬಿಟ್ಟು ಒಂದು ಅಕ್ಷರ ಆರಿಸಿ ಇಟ್ಟ ಹೆಸರುಗಳು ಇವು. ಹಳೆಯ ಮೆದು ಇಟ್ಟಿಗೆಗೆ ಕೊನೆಯ ಎರಡು, ಇಲ್ಲವೇ ಬರಿ ಸುಣ್ಣದ ಗಾರೆ ಹೊಂದುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಥಟ್ಟನೆ ಕೈಗೆ ಸಿಗುವುದು ಎಸ್ ಅಥವಾ ಎನ್, ಎಡವಟ್ಟಾಗುವುದು ಅಲ್ಲಿಯೇ. ಅಮೆರಿಕ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರು ಹಳೆಯ ಕಟ್ಟಡಗಳ ಬಗ್ಗೆ ಪುಕ್ಕಟೆ ಕೈಪಿಡಿಗಳನ್ನು ಹೊರಡಿಸಿದ್ದಾರೆ. ಅದರಲ್ಲಿ ಎರಡನೆಯದು ಪೂರ್ತಿ ಇದೇ ವಿಷಯದ್ದು. ಸಂದಿನ ಅಗಲದ ಎರಡು ಎರಡೂವರೆ ಪಟ್ಟು ಆಳಕ್ಕೆ ಹಳೆಯದನ್ನು ಕೆರೆದು ತೆಗೆದೇ ಹೊಸದು ತುಂಬಬೇಕು ಎನ್ನುತ್ತದೆ ಅದು. ನನ್ನ ಮೇಸ್ತ್ರಿ ಮೇಲ್ಮೇಲೆ ಸವರಿ ಹೋಗಿದ್ದರು.

ಈಗ ಬಡಾವಣೆಯ ವಿಚಾರ. ಹೊರಗಿನ ಕಿಟಕಿ, ಬಾಗಿಲು, ಸೂರು, ಬೇಲಿ ಏನನ್ನು ಬದಲಿಸಬೇಕಾದರೂ ಅಲ್ಲಿ ಜರ್ಮನ್ ವಿಲೇಜ್ ಕಮಿಷನ್ನಿನ ಒಪ್ಪಿಗೆ ಪತ್ರ ಬೇಕು. ಇದನ್ನು ಕಿರಿಕಿರಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಕಾರಣ ಆ ಕೇರಿಯ ಚರಿತ್ರೆ. 19ನೇ ಶತಮಾನದ ನಡುವಿನಲ್ಲಿ ಜರ್ಮನಿಯಿಂದ ಬಂದ ಕೆಲಸಗಾರರು ಕಟ್ಟಿಕೊಂಡದ್ದು ಆ ಮನೆಗಳು. ಸುಣ್ಣದಕಲ್ಲಿನ ತಳಪಾಯ, ಸ್ಲೇಟಿನ ಸೂರು, ರಸ್ತೆಗೆ ಅಂಟಿಕೊಂಡ ಮೆಟ್ಟಿಲು. ಪಕ್ಕದಲ್ಲೇ ಬಿಯರ್ ಕಾರ್ಖಾನೆಗಳು, ಹಲವರಿಗೆ ದುಡಿಮೆ ಅಲ್ಲೇ. ಮೊದಲ ಮಹಾಯುದ್ಧ ಬಂತು, ಜರ್ಮನ್ ಹೆಸರೇ ಅಪರಾಧವಾಯಿತು. ಕವಿ ಶಿಲ್ಲರ್ ಹೆಸರಿನ ಪಾರ್ಕಿಗೆ ವಾಷಿಂಗ್ಟನ್ ಹೆಸರಿಟ್ಟರು, ಬಿಸ್ಮಾರ್ಕ್ ಬೀದಿ ಲ್ಯಾನ್ಸಿಂಗ್ ಬೀದಿಯಾಯಿತು. 1920ರ ಪಾನನಿಷೇಧದಲ್ಲಿ ಬಿಯರ್ ಕಾರ್ಖಾನೆಗಳೂ ಹೋದವು. 1950ರ ದಶಕದ ಹೊತ್ತಿಗೆ ಅದು ನಗರದ ಕಣ್ಣಿಗೆ ಕೊಳೆಗೇರಿ. ಮೂರರಲ್ಲೊಂದು ಪಾಲು ಕೆಡವಿದರು. ಡೌನ್‌ಟೌನಿಗೂ ಅದಕ್ಕೂ ನಡುವೆ ಹೆದ್ದಾರಿ ಬಂತು, ನೀವು ಆಫೀಸಿಗೆ ನಡೆಯುವಾಗ ಸೇತುವೆ ಮೇಲೆ ದಾಟುವುದು ಅದನ್ನೇ.

ಆಗ ಫ್ರಾಂಕ್ ಫೆಚ್ ಎಂಬ ನಗರಸಭೆ ನೌಕರರು ಎಲ್ಲರೂ ಬೇಡವೆಂದ ಆ ಕೇರಿಯಲ್ಲೇ ಮನೆ ಕೊಂಡು ದುರಸ್ತಿ ಮಾಡಿಕೊಂಡರು. ಅವರ ಮುಂದಾಳುತನದಲ್ಲಿ 1960ರಲ್ಲಿ ಜರ್ಮನ್ ವಿಲೇಜ್ ಸೊಸೈಟಿ ಹುಟ್ಟಿತು, ಅದೇ ಹೊತ್ತಿಗೆ ಕಮಿಷನ್ನೂ ಬಂತು. 1974ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು. ಶಿಲ್ಲರ್ ಹೆಸರು ಪಾರ್ಕಿಗೆ ಅಷ್ಟರಲ್ಲಾಗಲೇ ಮರಳಿತ್ತು. ಪಕ್ಕದ ಮನೆಯವರು ಪ್ಲಾಸ್ಟಿಕ್ ಕಿಟಕಿ ಹಾಕಿ ಕೇರಿಯ ಅಂದ ಕೆಡಿಸಲಾರದೆ ಇರುವುದೂ ಈ ನಿಯಮದಿಂದಲೇ. ಒಳಗೆ ಅಡಿಗೆಮನೆ ಒಡೆದು ಕಟ್ಟಿ, ದೇವರ ಮನೆ ಮಾಡಿ, ಕಮಿಷನ್ ತಲೆಹಾಕುವುದಿಲ್ಲ. ಮೆಟ್ಟಿಲ ಮುಂದಿನ ರಂಗೋಲಿಗೂ ಒಪ್ಪಿಗೆ ಪತ್ರ ಬೇಡ. ಹಿಂದಿನವರು ಹೊರಗೆ ಮಾಡಿಸಿದ ಬದಲಾವಣೆಗಳಿಗೆ ಒಪ್ಪಿಗೆ ಇತ್ತೇ ಎಂದು ಮಾತ್ರ ಕಾಗದ ಕೇಳಿ ನೋಡಿ, ಇಲ್ಲದಿದ್ದರೆ ನಾಳೆ ಅದು ನಿಮ್ಮ ಕೊರಳಿಗೆ ಬೀಳಬಹುದು. ಚಾರಿತ್ರಿಕ ಕಟ್ಟಡಕ್ಕೆ ತೆರಿಗೆಯಲ್ಲಿ 20 ಶೇಕಡಾ ವಾಪಸು ಸಿಗುತ್ತದಂತೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ. ಕೇಂದ್ರ ಸರ್ಕಾರದ ಆ ಸೌಲಭ್ಯ ಬಾಡಿಗೆಯಂಥ ಆದಾಯ ತರುವ ಕಟ್ಟಡಗಳಿಗೆ, ನಾವೇ ವಾಸ ಮಾಡುವ ಮನೆಗಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮನೆಗಳ ಬಣ್ಣದಲ್ಲಿ ಸೀಸ ಬಳಸುವುದನ್ನು ನಿಷೇಧಿಸಿದ್ದು 1978ರಲ್ಲಿ, ಇದು ಅದಕ್ಕಿಂತ ಹಳೆಯದು. ಮಾರುವವರು ತಮಗೆ ಗೊತ್ತಿರುವುದನ್ನು ಬರೆದು ಕೊಡಬೇಕು, ಪರೀಕ್ಷೆ ಮಾಡಿಸಲು ನಿಮಗೆ ಹತ್ತು ದಿನದ ಅವಕಾಶ ಉಂಟು. ಮಕ್ಕಳಿದ್ದರೆ ಬಿಡಬೇಡಿ. ಪಿಂಗಾಣಿ ಗುಬುಟಿನ ಹಳೆ ವೈರಿಂಗ್ ಎಲ್ಲಾದರೂ ಉಳಿದಿದೆಯೇ ನೋಡಿ, ಇದ್ದರೆ ವಿಮೆಯವರು ಮುಖ ಸಿಂಡರಿಸುತ್ತಾರೆ. ಚರಂಡಿ ಕೊಳವೆ ಮಣ್ಣಿನದಾಗಿರಬಹುದು, ಕ್ಯಾಮೆರಾ ಇಳಿಸಿ ನೋಡಿಸುವುದು ಒಳ್ಳೆಯದು. ಹಳೆಯ ಮರಗಳ ಬೇರಿಗೆ ಅದರ ಸಂದುಗಳೆಂದರೆ ಬಲು ಇಷ್ಟ. ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಮಂಜಿಗೆ ಉಪ್ಪು ಎರಚುವಾಗ ಗೋಡೆಯ ಬುಡಕ್ಕೆ ಬೀಳದಂತೆ ನೋಡಿಕೊಳ್ಳಿ, ಇಟ್ಟಿಗೆಗೆ ಅದು ವಿಷ. ಕಾರು ಎರಡಿದ್ದರೆ ಒಂದನ್ನು ಮಾರುವ ಯೋಚನೆ ಮಾಡಿ, ಆ ಓಣಿಗಳನ್ನು ಅಳೆದದ್ದು ಕುದುರೆ ಗಾಡಿಗೆ.

ಮನೆ ನೋಡಲು ಮಳೆ ಬಂದ ಮಾರನೆಯ ದಿನ ಹೋಗಿ, ಬೇಸ್‌ಮೆಂಟಿಗೆ ಇಳಿದು ಮೂಸಿ ನೋಡಿ. ಹಾಗೆಯೇ ಆ ಪಾಯಿಂಟಿಂಗ್‌ಗೆ ಯಾವ ಗಾರೆ ಬಳಸಿದರು, ಬಿಲ್ಲು ಇದೆಯೇ ಎಂದು ಏಜೆಂಟರನ್ನು ಕೇಳಿ. ಬಿಲ್ಲಿನಲ್ಲಿ ಎಸ್ ಅಂತ ಇದ್ದರೆ ಸಹಿ ಹಾಕುವ ಮೊದಲು ನನಗೊಂದು ಸಾಲು ಬರೆಯಿರಿ, ಬೆಲೆ ಎಷ್ಟು ಇಳಿಸಿ ಕೇಳಬೇಕು ಅಂತ ಕೂತು ಮಾತಾಡೋಣ.